ಹೊಡೆತದ ಮನೆಯಲ್ಲಿ ಬೆಳೆದವಳ ದಾಂಪತ್ಯ

ಪ್ರಶ್ನೆ: ನಾನು ಉಡುಪಿ ಸಮೀಪದ ಹಳ್ಳಿಯವಳು, ವಯಸ್ಸು 33. ಮದುವೆಯಾಗಿ ಏಳು ವರ್ಷವಾಗಿದೆ, ಐದು ವರ್ಷದ ಮಗಳಿದ್ದಾಳೆ. ನನ್ನ ತಂದೆ ಕುಡಿದು ಬಂದು ತಾಯಿಗೆ ಹೊಡೆಯುತ್ತಿದ್ದರು. ಅಡ್ಡ ಹೋದರೆ ನನಗೂ ಬೀಳುತ್ತಿತ್ತು. ನನ್ನ ಗಂಡ ಸೌಮ್ಯ ಸ್ವಭಾವದವರು, ಕುಡಿಯುವುದಿಲ್ಲ, ಒಮ್ಮೆಯೂ ಕೈ ಎತ್ತಿದವರಲ್ಲ. ಆದರೂ ಅವರು ಫೋನಿನಲ್ಲಿ ಯಾರೊಡನೆಯೋ ಜೋರಾಗಿ ಮಾತನಾಡಿದರೆ ಸಾಕು, ನನ್ನ ಮೈ ಮರಗಟ್ಟುತ್ತದೆ. ಸಣ್ಣ ಮಾತಿಗೆ ವಾರಗಟ್ಟಲೆ ಮಾತು ಬಿಡುತ್ತೇನೆ. ಕಳೆದ ತಿಂಗಳು ಮಗಳು ಹಾಲು ಚೆಲ್ಲಿದಳೆಂದು ಸೌಟಿನಿಂದ ಹೊಡೆದುಬಿಟ್ಟೆ. ಅವಳು ಎರಡೂ ಕೈಗಳಿಂದ ತಲೆ ಮುಚ್ಚಿಕೊಂಡಳು, ನಾನು ಚಿಕ್ಕವಳಿದ್ದಾಗ ಮಾಡುತ್ತಿದ್ದ ಹಾಗೆಯೇ. ನೋಡಿದ ಅತ್ತೆಯವರು ‘ನೂಲಿನಂತೆ ಸೀರೆ’ ಎಂದರು. ಇದು ರಕ್ತದಲ್ಲಿಯೇ ಬರುವಂಥದ್ದೇ? ಗಂಡನಿಗೆ ಎಲ್ಲವನ್ನೂ ಹೇಳಬೇಕೇ? ಇಷ್ಟೆಲ್ಲ ಆದರೂ ನನಗೆ ತಂದೆಗಿಂತ ತಾಯಿಯ ಮೇಲೆಯೇ ಹೆಚ್ಚು ಸಿಟ್ಟು ಬರುವುದೇಕೆ?

ಉತ್ತರ: ಗಾದೆಯ ಮಾತಿನಿಂದಲೇ ಆರಂಭಿಸುತ್ತೇನೆ, ಏಕೆಂದರೆ ನಿಮ್ಮನ್ನು ಹೆಚ್ಚು ನೋಯಿಸಿರುವುದು ಅದೇ ಎಂದು ಪತ್ರದಿಂದ ಕಾಣುತ್ತದೆ. ಬಾಲ್ಯದ ಹಿಂಸೆ ರಕ್ತದಲ್ಲಿ ಹರಿದು ಬರುವುದಿಲ್ಲ. ನಿಮ್ಮ ತಂದೆಯ ಮನೆಯಲ್ಲಿ ನೀವು ಕಲಿತದ್ದು, ಹೊಡೆತ ಬೀಳುವ ಮೊದಲೇ ಅದರ ಸುಳಿವು ಹಿಡಿಯುವ ವಿದ್ಯೆಯನ್ನು. ಹತ್ತು ವರ್ಷದ ಹುಡುಗಿಗೆ ಆ ವಿದ್ಯೆ ಅನಿವಾರ್ಯವಾಗಿತ್ತು ಮತ್ತು ಅದು ನಿಮ್ಮನ್ನು ಕಾಪಾಡಿತು. ಅದೇ ವಿದ್ಯೆ ಇಂದು, ಅಪಾಯವೇ ಇಲ್ಲದ ಮನೆಯಲ್ಲಿಯೂ ಹಗಲಿರುಳು ಕೆಲಸ ಮಾಡುತ್ತಿದೆ. ನಿಮ್ಮ ದಾಂಪತ್ಯದ ತೊಡಕಿನ ಮೂಲ ಇಲ್ಲಿದೆ ಎಂಬುದು ನನ್ನ ಅಭಿಪ್ರಾಯ.

ಗುರುತು ಸಿಗದಂತೆ ವಿವರಗಳನ್ನು ಬದಲಿಸಿ ಒಬ್ಬ ಮಹಿಳೆಯ ಸಂಗತಿಯನ್ನು ಹೇಳುತ್ತೇನೆ. ಐವತ್ತರ ಆಸುಪಾಸಿನ ಅವರು ನಿದ್ದೆ ಬರುವುದಿಲ್ಲವೆಂದು ಮಂಗಳೂರಿನಲ್ಲಿ ನನ್ನ ಬಳಿ ಬಂದಿದ್ದರು. ಹುಡುಗಿಯಾಗಿದ್ದಾಗ ಸಂಜೆಯ ಹೊತ್ತು ಮಡಿಲಲ್ಲಿ ಗೆರಸೆ ಇಟ್ಟುಕೊಂಡು ತಾಯಿಯ ಪಕ್ಕದಲ್ಲಿ ಬೀಡಿ ಕಟ್ಟುತ್ತಿದ್ದರಂತೆ. ತೋಟದ ತಡಮೆಯನ್ನು ತಂದೆ ಸದ್ದಿಲ್ಲದೆ ದಾಟಿದರೆ ಆ ದಿನ ಊಟ ಉಂಟು, ಕಾಲು ತಾಗಿ ಬಿದಿರು ಕಟಕಟ ಎಂದರೆ ತಂಗಿಯ ಕೈ ಹಿಡಿದು ಬಚ್ಚಲ ಹಿಂದಿನ ಮಡಲಿನ ರಾಶಿಯ ಮರೆಗೆ ಓಡಬೇಕು. ಈಗ ಅವರು ಇರುವುದು ಪೇಟೆಯ ಫ್ಲ್ಯಾಟಿನಲ್ಲಿ. ಗಂಡ ಇಪ್ಪತ್ತೈದು ವರ್ಷಗಳಲ್ಲಿ ಒಮ್ಮೆಯೂ ಹೊಡೆದಿಲ್ಲ. ಆದರೂ ಸಂಜೆ ಲಿಫ್ಟಿನ ಬಾಗಿಲು ತೆರೆದುಕೊಳ್ಳುವ ಸದ್ದು ಕೇಳಿದರೆ ತರಕಾರಿ ಹೆಚ್ಚುವ ಕೈ ನಿಂತುಬಿಡುತ್ತದೆ. ಇದನ್ನು ಹೇಳುವಾಗ ಅವರ ಎಡಗೈ ಹೆಬ್ಬೆರಳು ತೋರುಬೆರಳುಗಳು ಬೀಡಿ ಸುರುಳಿ ಸುತ್ತುವಂತೆ ಒಂದನ್ನೊಂದು ಉಜ್ಜುತ್ತಲೇ ಇದ್ದವು, ‘ತಡಮೆ’ ಎಂಬ ಮಾತು ಬಂದಾಗ ಮಾತ್ರ ನಿಂತವು. ಆ ಮನುಷ್ಯನಿಗೆ, ಅಂದರೆ ಅವರ ಗಂಡನಿಗೆ, ತಾನು ಮನೆಗೆ ಬಂದಾಗ ಹೆಂಡತಿ ಒಂದು ಕ್ಷಣ ಉಸಿರು ಬಿಗಿಹಿಡಿಯುತ್ತಾಳೆ ಎಂಬುದು ಕಾಲು ಶತಮಾನದಲ್ಲಿ ಎಂದೂ ತಿಳಿದಿರಲಿಲ್ಲ. ಹೆಂಡತಿಗೆ ತನ್ನ ಮೇಲೆ ಪ್ರೀತಿಯಿಲ್ಲ ಎಂದಷ್ಟೇ ಅವರು ತಿಳಿದಿದ್ದರು.

ದೇಹದಲ್ಲಿ ನಡೆಯುವುದೇನೆಂದರೆ, ಮಿದುಳಿನ ಆಳದಲ್ಲಿರುವ ಅಮಿಗ್ಡಲಾ ಎಂಬ ಪುಟ್ಟ ಭಾಗವು ಅಪಾಯದ ಸೂಚನೆಗಳನ್ನು ನೆನಪಿಟ್ಟುಕೊಳ್ಳುತ್ತದೆ ಮತ್ತು ಅಂಥ ಸೂಚನೆ ಮತ್ತೆ ಎದುರಾದರೆ, ಯೋಚಿಸಿ ತೀರ್ಮಾನಿಸುವ ಮಿದುಳಿನ ಮುಂಭಾಗ ಕೆಲಸಕ್ಕೆ ತೊಡಗುವ ಮೊದಲೇ ದೇಹವನ್ನು ಸಜ್ಜುಗೊಳಿಸುತ್ತದೆ. ಅಡ್ರಿನಲಿನ್ ಮತ್ತು ಕಾರ್ಟಿಸಾಲ್ ಏರುತ್ತವೆ, ಎದೆ ಬಡಿತ ಹೆಚ್ಚುತ್ತದೆ. ಓಡುವುದಕ್ಕಾಗಲಿ ಎದುರಿಸುವುದಕ್ಕಾಗಲಿ ದಾರಿಯಿಲ್ಲದ ಮಗುವಿಗೆ ಉಳಿಯುವುದು ಮೂರನೆಯ ದಾರಿ, ಮರಗಟ್ಟಿ ನಿಲ್ಲುವುದು. ವರ್ಷಗಟ್ಟಲೆ ಹೀಗೆ ನಡೆದರೆ ಎಚ್ಚರದ ಮಟ್ಟವೇ ಮೇಲೇರಿ ಅಲ್ಲಿಯೇ ನೆಲೆಗೊಳ್ಳುತ್ತದೆ. ಆದ್ದರಿಂದ ‘ಅವರು ಒಳ್ಳೆಯವರು ಎಂದು ಗೊತ್ತಿದ್ದೂ ಹೆದರುತ್ತೇನಲ್ಲ’ ಎಂದು ನಿಮ್ಮನ್ನು ನೀವೇ ಹಳಿದುಕೊಳ್ಳುವುದರಲ್ಲಿ ಅರ್ಥವಿಲ್ಲ. ಗಂಡ ಒಳ್ಳೆಯವರು ಎಂಬ ತಿಳಿವು ಬರುವಷ್ಟರಲ್ಲಿ ಮೈ ತನ್ನ ಕೆಲಸ ಮುಗಿಸಿರುತ್ತದೆ. ನೀವು ವಾರಗಟ್ಟಲೆ ಮಾತು ಬಿಡುವುದೂ ಇದರದೇ ಮುಂದುವರಿಕೆ. ನಿಮ್ಮ ತವರಿನಲ್ಲಿ ಜಗಳವೆಂದರೆ ಹೊಡೆತದಲ್ಲಿ ಮುಗಿಯುವ ಸಂಗತಿಯಾಗಿತ್ತೇ ಹೊರತು, ಮಾತಿನಿಂದ ಬಗೆಹರಿದದ್ದನ್ನು ನೀವು ಕಂಡಿಲ್ಲ. ಭಿನ್ನಾಭಿಪ್ರಾಯ ಬಂದೊಡನೆ ಒಳಗೆ ಸೇರಿ ಅಗುಳಿ ಹಾಕಿಕೊಳ್ಳುವುದೇ ನಿಮಗೆ ತಿಳಿದಿದ್ದ ಏಕೈಕ ರಕ್ಷಣೆ.

ಅಂಕಿ ಅಂಶಗಳ ವಿಚಾರಕ್ಕೆ ಬರುತ್ತೇನೆ, ಏಕೆಂದರೆ ಇವುಗಳನ್ನು ಅರ್ಧ ಓದಿ ಹೆದರುವವರು ಬಹಳ. ಅಮೆರಿಕದ ಸ್ಯಾನ್ ಡಿಯಾಗೊ ನಗರದಲ್ಲಿ 1995ರಿಂದ 1997ರ ವರೆಗೆ ವಿನ್ಸೆಂಟ್ ಫೆಲಿಟಿ ಮತ್ತು ರಾಬರ್ಟ್ ಆಂಡಾ ಎಂಬ ವೈದ್ಯರು 17,000ಕ್ಕೂ ಹೆಚ್ಚು ವಯಸ್ಕರಿಂದ ಬಾಲ್ಯದ ಕಹಿ ಅನುಭವಗಳ ವಿವರ ಪಡೆದರು. ತಾಯಿಗೆ ಹೊಡೆತ ಬೀಳುವುದನ್ನು ಕಂಡದ್ದೂ ಅವರ ಪಟ್ಟಿಯಲ್ಲಿ ಸೇರಿತ್ತು. ಆ ಅಧ್ಯಯನದ ಮಾಹಿತಿಯನ್ನೇ ಆಧರಿಸಿ 2003ರಲ್ಲಿ ಪ್ರಕಟವಾದ ಒಂದು ವಿಶ್ಲೇಷಣೆಯ ಪ್ರಕಾರ, ಬಾಲ್ಯದಲ್ಲಿ ದೈಹಿಕ ಹಿಂಸೆ, ಲೈಂಗಿಕ ದೌರ್ಜನ್ಯ ಮತ್ತು ತಾಯಿಯ ಮೇಲಿನ ಹಿಂಸೆ ಈ ಮೂರನ್ನೂ ಅನುಭವಿಸಿದ ಮಹಿಳೆಯರು ಮುಂದೆ ಸಂಗಾತಿಯಿಂದ ಹಿಂಸೆಗೆ ಒಳಗಾಗುವ ಸಂಭವ ಸುಮಾರು ಮೂರೂವರೆ ಪಟ್ಟು ಹೆಚ್ಚು. ನಮ್ಮ ದೇಶದಲ್ಲಿ 2005–06ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯೂ, ತಂದೆಯಿಂದ ತಾಯಿಗೆ ಹೊಡೆತ ಬೀಳುತ್ತಿದ್ದ ಮನೆಯ ಹೆಣ್ಣುಮಕ್ಕಳು ಗಂಡನ ಹಿಂಸೆಗೆ ಗುರಿಯಾಗುವ ಪ್ರಮಾಣ ಉಳಿದವರಿಗಿಂತ ಸುಮಾರು ಎರಡು ಪಟ್ಟು ಎಂದು ಕಂಡಿತು. ಇವು ಸಾವಿರಾರು ಜನರ ಸರಾಸರಿಗಳು. ನಿಮ್ಮ ಮನೆಯ ಭವಿಷ್ಯವನ್ನು ಇವು ಹೇಳಲಾರವು, ಮತ್ತು ನಿಮ್ಮ ಗಂಡನ ಏಳು ವರ್ಷಗಳ ನಡತೆ ಇವೆಲ್ಲಕ್ಕಿಂತ ಗಟ್ಟಿಯಾದ ಸಾಕ್ಷಿ. ಹವಾಯಿಯ ಕವಾಯ್ ದ್ವೀಪದಲ್ಲಿ 1955ರಲ್ಲಿ ಹುಟ್ಟಿದ ಸುಮಾರು 700 ಮಕ್ಕಳನ್ನು ದಶಕಗಳ ಕಾಲ ಗಮನಿಸಿದ ಎಮಿ ವರ್ನರ್ ಅವರ ಅಧ್ಯಯನದಲ್ಲಿ, ಬಡತನ, ಮನೆಜಗಳ, ತಂದೆತಾಯಿಯರ ಕುಡಿತ ಇಂಥವುಗಳ ನಡುವೆ ಬೆಳೆದವರಲ್ಲಿಯೂ ಮೂರನೆಯ ಒಂದರಷ್ಟು ಮಂದಿ ಸಮರ್ಥರಾಗಿ, ಪ್ರೀತಿಯುಳ್ಳವರಾಗಿ ಬಾಳಿದರು. ಅಂಥವರ ಬಾಲ್ಯದಲ್ಲಿ ಮತ್ತೆ ಮತ್ತೆ ಕಂಡುಬಂದದ್ದು, ಅಜ್ಜಿಯೋ ಅತ್ತೆಯೋ ನೆರೆಯವರೋ, ಮಗುವನ್ನು ಕೈಬಿಡದ ಒಬ್ಬ ಹಿರಿಯರು.

ಹೊಡೆತ ಕಂಡು ಬೆಳೆದ ಹೆಣ್ಣು ತಂದೆಯಂಥವನನ್ನೇ ಹುಡುಕಿಕೊಂಡು ಹೋಗುತ್ತಾಳೆ ಎಂಬ ವಿವರಣೆಯನ್ನು ನೀವೂ ಎಲ್ಲೋ ಓದಿರಬಹುದು. ನಮ್ಮಲ್ಲಿ ಬಹುಪಾಲು ಮದುವೆಗಳನ್ನು ಹಿರಿಯರೇ ಕೂಡಿಸುವುದರಿಂದ, ಆಯ್ಕೆಯೇ ಅವಳದಲ್ಲದಿರುವಾಗ ಈ ಮಾತನ್ನು ನಾನು ಒಪ್ಪುವುದಿಲ್ಲ. ನನ್ನ ಅನುಭವದಲ್ಲಿ ಕಾಣುವುದು ಬೇರೆಯದೇ ಸಂಗತಿ. ಹೊಡೆಯುವ ಮನೆಯಿಂದ ಬೇಗ ಹೊರಬರಬೇಕೆಂಬ ತವಕದಲ್ಲಿ ಹುಡುಗಿ ಬಂದ ಮೊದಲ ಸಂಬಂಧಕ್ಕೇ ಒಪ್ಪಿಬಿಡುತ್ತಾಳೆ. ಗಂಡನ ಮನೆಯಲ್ಲಿ ಮೊದಲ ಸಲ ಕೆನ್ನೆಗೆ ಬಿದ್ದಾಗ, ಇದು ಎಲ್ಲ ಮನೆಗಳಲ್ಲಿಯೂ ಇರುವುದೇ ಎಂದು ಅವಳಿಗೆ ಅನ್ನಿಸುತ್ತದೆ. ತವರಿಗೆ ಹೇಳೋಣವೆಂದರೆ, ಹೇಳಬೇಕಾದದ್ದು ತಾನೇ ಹೊಡೆಯುವ ತಂದೆಗೆ ಮತ್ತು ‘ಗಂಡ ಹೆಂಡಿರ ಜಗಳ ಉಂಡು ಮಲಗೋ ತನಕ’ ಎಂದು ಜೀವಮಾನವಿಡೀ ಹೇಳಿಕೊಂಡು ಬಂದ ತಾಯಿಗೆ. ಬಾಲ್ಯದ ಹಿಂಸೆ ಹೆಣ್ಣಿನ ದಾಂಪತ್ಯಕ್ಕೆ ಮಾಡುವ ಅತಿ ದೊಡ್ಡ ಕೇಡು ಇದು. ಅವಳಿಗೆ ಹಿಂದಿರುಗಲು ಬಾಗಿಲು ಉಳಿಯುವುದಿಲ್ಲ, ಬಾಗಿಲಿಲ್ಲವೆಂಬುದು ಹೊಡೆಯುವವನಿಗೂ ತಿಳಿದಿರುತ್ತದೆ.

ಈ ಬಾಗಿಲಿನ ಬೆಲೆ ನಮ್ಮ ಜಿಲ್ಲೆಗಳ ಜನರಿಗೆ ತಿಳಿಯದ್ದೇನಲ್ಲ. ಅಳಿಯಸಂತಾನ ಪದ್ಧತಿ ನಡೆದ ಕುಟುಂಬಗಳಲ್ಲಿ ವಂಶವೂ ಆಸ್ತಿಯೂ ಹೆಣ್ಣಿನ ಮೂಲಕ ಹರಿಯುತ್ತಿದ್ದವು, ಮಗಳಿಗೂ ಅವಳ ಮಕ್ಕಳಿಗೂ ಕುಟುಂಬದ ಮನೆಯಲ್ಲಿ ಹಕ್ಕಿನ ಜಾಗವಿತ್ತು. ಅಲ್ಲಿ ಸೋದರಮಾವನ ದರ್ಬಾರು ಇರಲಿಲ್ಲವೆಂದಾಗಲಿ ಮಕ್ಕಳಿಗೆ ಬೆತ್ತದ ರುಚಿ ತಿಳಿದಿರಲಿಲ್ಲವೆಂದಾಗಲಿ ನಾನು ಹೇಳುತ್ತಿಲ್ಲ. ಆದರೆ ಗಂಡನ ಮನೆಯಲ್ಲಿ ಬಾಳಲಾಗದ ಹೆಣ್ಣು ಬೀದಿಗೆ ಬೀಳುತ್ತಿರಲಿಲ್ಲ. ಪ್ರದೀಪ್ ಪಾಂಡಾ ಮತ್ತು ಬೀನಾ ಅಗರ್ವಾಲ್ ಅವರು ಕೇರಳದ ತಿರುವನಂತಪುರ ಜಿಲ್ಲೆಯಲ್ಲಿ ಸುಮಾರು 500 ಮಹಿಳೆಯರ ನಡುವೆ ನಡೆಸಿ 2005ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಸ್ವಂತ ಆಸ್ತಿಯಿಲ್ಲದ ಮಹಿಳೆಯರಲ್ಲಿ ಶೇ 49ರಷ್ಟು ಮಂದಿ ಗಂಡನಿಂದ ದೈಹಿಕ ಹಿಂಸೆ ಅನುಭವಿಸಿದ್ದರೆ, ಭೂಮಿ ಮತ್ತು ಮನೆ ಎರಡೂ ತಮ್ಮ ಹೆಸರಿನಲ್ಲಿದ್ದವರಲ್ಲಿ ಆ ಪ್ರಮಾಣ ಶೇ 7 ಮಾತ್ರ. ಹೆಣ್ಣುಮಕ್ಕಳಿರುವ ತಂದೆತಾಯಿಯರು ಈ ಪತ್ರವನ್ನು ಓದುತ್ತಿದ್ದರೆ, ಮದುವೆಯ ಹಾಲ್‌ಗೆ ಸುರಿಯುವ ಹಣದಲ್ಲಿ ಒಂದು ಪಾಲನ್ನಾದರೂ ಮಗಳ ಹೆಸರಿನಲ್ಲಿ ನೆಲವಾಗಿಯೋ ಮನೆಯಾಗಿಯೋ ಉಳಿಸಿ ಎಂದು ಬೇಡಿಕೊಳ್ಳುತ್ತೇನೆ.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ನಿಮ್ಮ ಭಯ ನೆನಪಿನಿಂದ ಬಂದದ್ದು. ನಿಮ್ಮಂತೆಯೇ ಬಾಲ್ಯ ಕಳೆದ ಇನ್ನೊಬ್ಬಾಕೆಯ ಭಯ ಎದುರಿಗೇ ಇರುವ ಮನುಷ್ಯನಿಂದ ಬಂದಿರಬಹುದು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ 18ರಿಂದ 49 ವಯಸ್ಸಿನ ವಿವಾಹಿತ ಮಹಿಳೆಯರಲ್ಲಿ ಶೇ 44ರಷ್ಟು ಮಂದಿ ಗಂಡನಿಂದ ಹಿಂಸೆ ಅನುಭವಿಸಿದ್ದಾಗಿ ಹೇಳಿದ್ದಾರೆ. ಇಡೀ ದೇಶದಲ್ಲಿ ಅದು ಶೇ 29. ಅದೇ ಸಮೀಕ್ಷೆಯಲ್ಲಿ ನಮ್ಮ ರಾಜ್ಯದ ನಾಲ್ವರು ಮಹಿಳೆಯರಲ್ಲಿ ಸುಮಾರು ಮೂವರು, ಯಾವುದಾದರೂ ಒಂದು ಕಾರಣಕ್ಕೆ ಗಂಡ ಹೆಂಡತಿಗೆ ಹೊಡೆಯುವುದು ಸರಿಯೆಂದು ಒಪ್ಪಿದ್ದಾರೆ. ಗಂಡ ನಿಜವಾಗಿಯೂ ಹೊಡೆಯುತ್ತಿರುವಾಗ, ಹಣ ತಡೆಹಿಡಿಯುತ್ತಿರುವಾಗ, ಫೋನ್ ಕಸಿದು ತವರಿನ ಸಂಪರ್ಕ ಕಡಿಯುತ್ತಿರುವಾಗ ‘ನಿನಗೆ ಬಾಲ್ಯದ ಗಾಯ, ಅದಕ್ಕೆ ಹೀಗೆಲ್ಲ ಅನ್ನಿಸುತ್ತದೆ’ ಎಂದು ಹೇಳುವುದು ಆ ಹೆಣ್ಣಿಗೆ ಮಾಡುವ ಎರಡನೆಯ ಅನ್ಯಾಯ. ಅಂಥವರಿಗೆ ಮೊದಲು ಬೇಕಾದದ್ದು ಸುರಕ್ಷತೆ. ಕೌಟುಂಬಿಕ ಹಿಂಸೆಯ ವಿರುದ್ಧದ 2005ರ ಕಾಯ್ದೆ ದೈಹಿಕ ಹಿಂಸೆಯಷ್ಟೇ ಅಲ್ಲದೆ ಮಾತಿನ, ಮನಸ್ಸಿನ, ಲೈಂಗಿಕ ಮತ್ತು ಆರ್ಥಿಕ ಹಿಂಸೆಯನ್ನೂ ಒಳಗೊಳ್ಳುತ್ತದೆ ಮತ್ತು ಗಂಡನ ಮನೆಯಲ್ಲಿಯೇ ವಾಸಿಸುವ ಹಕ್ಕನ್ನು ನೀಡುತ್ತದೆ. 181 ಮಹಿಳಾ ಸಹಾಯವಾಣಿಗೆ ಕರೆ ಮಾಡಬಹುದು. ಹಿಂಸೆ ನಡೆಯುತ್ತಿರುವಾಗ ಗಂಡ ಹೆಂಡತಿಯನ್ನು ಒಟ್ಟಿಗೆ ಕೂರಿಸಿ ರಾಜಿ ಮಾಡಿಸುವುದನ್ನು ನಾನು ಒಪ್ಪುವುದಿಲ್ಲ, ಏಕೆಂದರೆ ಅಲ್ಲಿ ಬಾಯಿಬಿಟ್ಟು ಆಡಿದ ಮಾತಿಗೆ ಅವಳು ಮನೆಗೆ ಹೋದ ಮೇಲೆ ಬೆಲೆ ತೆರಬೇಕಾಗುತ್ತದೆ.

ನಿಮ್ಮ ಮನೆಯಲ್ಲಿ ಆ ಪರಿಸ್ಥಿತಿ ಇಲ್ಲ. ಆದ್ದರಿಂದ ಗಂಡನಿಗೆ ಹೇಳಬೇಕೇ ಎಂಬ ಪ್ರಶ್ನೆಗೆ ನನ್ನ ಉತ್ತರ, ಹೌದು. ಆದರೆ ಎಲ್ಲವನ್ನೂ ಒಂದೇ ರಾತ್ರಿ ಹೇಳಬೇಕಾಗಿಲ್ಲ, ಜಗಳದ ನಡುವೆ ಅಂತೂ ಬೇಡವೇ ಬೇಡ. ಮಗಳು ಮಲಗಿದ ಮೇಲೆ ಅಥವಾ ಇಬ್ಬರೇ ಎಲ್ಲಾದರೂ ನಡೆದುಕೊಂಡು ಹೋಗುವಾಗ, ಇಬ್ಬರ ಕಣ್ಣೂ ಮುಂದಿನ ದಾರಿಯ ಮೇಲಿದ್ದರೆ ಇಂಥ ಮಾತು ಸಲೀಸಾಗಿ ಬರುತ್ತದೆ. ಘಟನೆಗಳ ವಿವರಕ್ಕಿಂತ ಇಂದಿನ ಸಂಗತಿಯನ್ನು ಮೊದಲು ಹೇಳಿ: ‘ನೀವು ಜೋರಾಗಿ ಮಾತನಾಡಿದಾಗ ನನಗೆ ಅಪ್ಪನ ನೆನಪಾಗಿ ಮೈ ಮರಗಟ್ಟುತ್ತದೆ. ನಾನು ಮಾತು ಬಿಡುವುದು ನಿಮ್ಮ ಮೇಲಿನ ಕೋಪದಿಂದ ಅಲ್ಲ.’ ಏಳು ವರ್ಷಗಳಿಂದ ತಾನೇನು ತಪ್ಪು ಮಾಡಿದೆನೆಂದು ತಿಳಿಯದೆ ಇರುವ ಮನುಷ್ಯನಿಗೆ ಇಷ್ಟು ಮಾತು ದೊಡ್ಡ ಬಿಡುಗಡೆ. ಆಮೇಲೆ ಇಬ್ಬರೂ ಸೇರಿ ಒಂದು ಒಪ್ಪಂದಕ್ಕೆ ಬರಬಹುದು. ಮಾತು ಬಿಸಿಯಾದಾಗ ನೀವು ‘ಈಗ ಬೇಡ, ಕಾಫಿ ಕುಡಿದು ಮಾತನಾಡೋಣ’ ಎಂದು ಹೇಳಿ ಎದ್ದುಹೋಗುವುದು, ಮತ್ತು ಹೇಳಿದ ಹೊತ್ತಿಗೆ ತಪ್ಪದೆ ಮರಳಿ ಬರುವುದು. ಹಾಗೆ ಮರಳಿ ಬರುವುದೇ ಇಲ್ಲಿ ಮುಖ್ಯ, ಮಾತು ಬಿಡುವುದಕ್ಕೂ ಬಿಡುವು ಕೇಳುವುದಕ್ಕೂ ಇರುವ ವ್ಯತ್ಯಾಸ ಅದೇ.

ನೀವು ಬರೆಯದೆ ಇರುವ, ಆದರೆ ಇಂಥ ಪತ್ರಗಳಲ್ಲಿ ಸಾಲುಗಳ ನಡುವೆ ಇರಬಹುದಾದ ಇನ್ನೊಂದು ವಿಚಾರವನ್ನೂ ಇತರ ಓದುಗರಿಗಾಗಿ ಹೇಳಬೇಕು. ಬಾಲ್ಯದಲ್ಲಿ ಲೈಂಗಿಕ ದೌರ್ಜನ್ಯಕ್ಕೆ ಒಳಗಾದವರಿಗೆ ದಾಂಪತ್ಯದ ಸಾಮೀಪ್ಯವೇ ಬೆದರಿಕೆಯಾಗಿ ತೋರಬಹುದು. ಮೈ ಬಿಗಿದುಕೊಳ್ಳುವುದು, ನೋವು, ಆ ಹೊತ್ತಿನಲ್ಲಿ ಮನಸ್ಸು ಬೇರೆಲ್ಲೋ ಹೋಗಿಬಿಡುವುದು, ಇವು ಚಿಕಿತ್ಸೆಯಿಂದ ಗುಣವಾಗುವ ತೊಂದರೆಗಳು. ಗಂಡನ ಬಗ್ಗೆ ಇಷ್ಟವಿಲ್ಲ ಎಂದು ಇವನ್ನು ಅರ್ಥೈಸಿ ಮುರಿದುಹೋದ ಸಂಸಾರಗಳನ್ನು ನಾನು ನೋಡಿದ್ದೇನೆ. ಹಳೆಯ ಆ ಸಂಗತಿಯನ್ನು ಗಂಡನಿಗೆ ಹೇಳುವುದೂ ಬಿಡುವುದೂ ಸಂಪೂರ್ಣವಾಗಿ ಆ ಹೆಣ್ಣಿನ ನಿರ್ಧಾರ, ಮೊದಲು ಸಮಾಲೋಚಕರಿಗೆ ಹೇಳಿ ಮನಸ್ಸು ಗಟ್ಟಿ ಮಾಡಿಕೊಂಡರೆ ಒಳಿತು.

ಮಗಳ ವಿಚಾರ. ಹೊಡೆದದ್ದು ತಪ್ಪು, ಅದನ್ನು ನೀವೇ ಒಪ್ಪಿಕೊಂಡಿದ್ದೀರಿ. ಆದರೆ ಅವಳು ಕೈಗಳಿಂದ ತಲೆ ಮುಚ್ಚಿಕೊಂಡದ್ದು ನಿಮ್ಮ ಕಣ್ಣಿಗೆ ಬಿತ್ತು, ಒಂದು ತಿಂಗಳಾದರೂ ಅದು ನಿಮ್ಮನ್ನು ಕಾಡುತ್ತಿದೆ. ನಿಮ್ಮ ತಂದೆಗೆ ನಿಮ್ಮ ಕೈಗಳು ಕಂಡಿದ್ದವೇ? ಅತ್ತೆಯವರ ಗಾದೆ ಸೋಲುವುದು ಇಲ್ಲಿ. ಹೊಡೆತ ತಿಂದು ಬೆಳೆದ ತಾಯಂದಿರಿಗೆ ಮಗು ಹಾಲು ಚೆಲ್ಲಿದ್ದು, ಪಾತ್ರೆ ಬೀಳಿಸಿದ್ದು ಬರೀ ಚೆಲ್ಲಿದ ಹಾಲಾಗಿ ಕಾಣುವುದಿಲ್ಲ, ಇನ್ನೇನೋ ಘೋರವಾದದ್ದು ನಡೆಯಲಿದೆ ಎಂಬ ಹಳೆಯ ಗಾಬರಿ ಏಳುತ್ತದೆ, ಆ ಗಾಬರಿಯೇ ಕೈಯಾಗಿ ಹೊರಬರುತ್ತದೆ. ಇನ್ನು ಮುಂದೆ ಹಾಗಾದಾಗ ಮೊದಲು ಸೌಟನ್ನು ಕೆಳಗಿಡಿ, ನಲ್ಲಿ ತಿರುಗಿಸಿ ತಣ್ಣೀರಿನ ಕೆಳಗೆ ಎರಡೂ ಮುಂಗೈಗಳನ್ನು ಹಿಡಿದು ಹತ್ತು ಬಾರಿ ನಿಧಾನವಾಗಿ ಉಸಿರು ಬಿಡಿ. ಮೈಯ ಬಿಗಿ ಇಳಿಯುವವರೆಗೆ ಮಗಳೊಡನೆ ಮಾತು ಬೇಡ. ಕಳೆದ ತಿಂಗಳ ಘಟನೆಯ ಬಗ್ಗೆ ಅವಳೊಡನೆ ಇನ್ನೂ ಮಾತನಾಡಿಲ್ಲವಾದರೆ ಇಂದೇ ಮಾತನಾಡಿ. ‘ಅಂದು ಅಮ್ಮ ಹೊಡೆದದ್ದು ತಪ್ಪು. ಹಾಲು ಚೆಲ್ಲಿದ್ದಕ್ಕೆ ಯಾರಿಗೂ ಹೊಡೆಯಬಾರದು’ ಎಂದಷ್ಟು ಹೇಳಿದರೆ ಐದು ವರ್ಷದವಳಿಗೆ ಅರ್ಥವಾಗುತ್ತದೆ. ‘ನೀನು ಹಾಗೆ ಮಾಡಿದ್ದರಿಂದಲೇ’ ಎಂದು ಅದಕ್ಕೆ ಬಾಲ ಸೇರಿಸಬೇಡಿ. ದೊಡ್ಡವರು ತಪ್ಪೊಪ್ಪಿಕೊಳ್ಳುವುದನ್ನು ನೀವು ನಿಮ್ಮ ಮನೆಯಲ್ಲಿ ಕಂಡವರಲ್ಲ, ಅವಳು ಕಾಣಲಿ.

ಇಷ್ಟರಿಂದಲೇ ಎಲ್ಲವೂ ಸರಿಹೋಗುತ್ತದೆ ಎಂದು ನಾನು ಹೇಳಲಾರೆ, ಚಿಕಿತ್ಸೆಯನ್ನೂ ಪಡೆಯಿರಿ. ಆಘಾತದ ನೆನಪುಗಳನ್ನೇ ಕೇಂದ್ರವಾಗಿಟ್ಟುಕೊಂಡು, ಆಲೋಚನೆ ಮತ್ತು ವರ್ತನೆಗಳ ಮೇಲೆ ಕೆಲಸ ಮಾಡುವ ಮನೋಚಿಕಿತ್ಸೆಯನ್ನೂ, ಕಣ್ಣಿನ ಚಲನೆಯ ನೆರವಿನಿಂದ ನೆನಪಿನ ತೀವ್ರತೆ ತಗ್ಗಿಸುವ ಇಎಂಡಿಆರ್ ವಿಧಾನವನ್ನೂ ವಿಶ್ವ ಆರೋಗ್ಯ ಸಂಸ್ಥೆ 2013ರ ಮಾರ್ಗಸೂಚಿಯಲ್ಲಿ ಶಿಫಾರಸು ಮಾಡಿದೆ. ನಿದ್ದೆ ಪೂರ್ತಿ ಕೆಟ್ಟಿದ್ದರೆ, ಖಿನ್ನತೆ ಜೊತೆಗಿದ್ದರೆ ಮನೋವೈದ್ಯರು ಔಷಧವನ್ನೂ ಕೊಡಬಹುದು. ಜಿಲ್ಲಾ ಆಸ್ಪತ್ರೆಯ ಮನೋವೈದ್ಯಕೀಯ ವಿಭಾಗದಲ್ಲಿ ವಿಚಾರಿಸಿ. ಯಾರ ಕಣ್ಣಿಗಾದರೂ ಬೀಳುತ್ತೇನೆಂಬ ಅಳುಕಿದ್ದರೆ, ಕೇಂದ್ರ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಮನೆಯಿಂದಲೇ ಕರೆ ಮಾಡಿ, ಕನ್ನಡದಲ್ಲಿಯೇ ಮಾತನಾಡಬಹುದು.

ಇನ್ನು ನಿಮ್ಮ ತಾಯಿ. ತಂದೆಗಿಂತ ತಾಯಿಯ ಮೇಲೆ ಸಿಟ್ಟು ಬರುವುದು ಅಸಹಜವಲ್ಲ, ನನ್ನ ಬಳಿ ಬರುವ ಅನೇಕರು ತಲೆ ತಗ್ಗಿಸಿಕೊಂಡು ಇದನ್ನು ಹೇಳುತ್ತಾರೆ. ಮಗು ರಕ್ಷಣೆಯನ್ನು ನಿರೀಕ್ಷಿಸುವುದು ಹೊಡೆಯುವವನಿಂದಲ್ಲ, ಪಕ್ಕದಲ್ಲಿ ಇರುವವಳಿಂದ. ಅವಳು ಎದ್ದು ಹೊರಡಲಿಲ್ಲ ಎಂಬುದು ಮಗುವಿನ ಲೆಕ್ಕದಲ್ಲಿ ದೊಡ್ಡ ದ್ರೋಹ. ಆ ಸಿಟ್ಟನ್ನು ಅದುಮಿಡಲು ನಾನು ಹೇಳುವುದಿಲ್ಲ, ತಾಯಿಯನ್ನು ಕ್ಷಮಿಸಿ ಎಂದೂ ಒತ್ತಾಯಿಸುವುದಿಲ್ಲ. ಆದರೆ ನಿಮ್ಮ ತಾಯಿಗೆ ಆ ಕಾಲದಲ್ಲಿ ಕೈಯಲ್ಲಿ ಎಷ್ಟು ದುಡ್ಡಿತ್ತು, ಹೊರಟರೆ ಯಾವ ಮನೆಯ ಬಾಗಿಲು ತೆರೆದಿತ್ತು, ಅವರ ತಾಯಿ ಅವರಿಗೆ ಏನು ಹೇಳಿ ಕಳುಹಿಸಿದ್ದರು ಎಂಬುದು ನಿಮಗೆ ತಿಳಿದಿದೆಯೇ? ತಿಳಿಯದಿದ್ದರೆ ಒಮ್ಮೆ ಕೇಳಿ ನೋಡಿ. ಆರೋಪದ ದನಿಯಲ್ಲಿ ಬೇಡ, ಅಕ್ಕಿ ಆರಿಸುತ್ತ ಕುಳಿತ ಹೊತ್ತಿನಲ್ಲಿ, ನಿಮ್ಮ ಕೈಗಳೂ ಅದೇ ಗೆರಸೆಯಲ್ಲಿ ಇರುವಾಗ ಕೇಳಿ. ಅವರು ಉತ್ತರಿಸದೆ ಎದ್ದುಹೋದರೆ ಹೋಗಲಿ ಬಿಡಿ. ನಿಮ್ಮ ಚಿಕಿತ್ಸೆ, ನಿಮ್ಮ ಸಂಸಾರ, ನಿಮ್ಮ ಮಗಳು, ಇವು ಯಾವುವೂ ಆ ಉತ್ತರಕ್ಕಾಗಿ ಕಾಯಬೇಕಾಗಿಲ್ಲ.